ಕಾಸರಗೋಡಿನ ಮನೆಗೆ ಬಾಳಿಕೆ ಬರುವ ಎಸ್ಪ್ರೆಸೊ ಯಂತ್ರ ಮತ್ತು ಗ್ರೈಂಡರು

ಎಸ್ಪ್ರೆಸೊ ಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಯಾವುದರಲ್ಲಿ ಕಾಫಿ ಚೆನ್ನಾಗಿ ಆಗುತ್ತದೆ ಎಂದು ವಿಚಾರಿಸುತ್ತಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಆಸುಪಾಸಿನಲ್ಲಿ ತೋಟದ ನಡುವೆ ಮನೆ ಇರುವ ನಮ್ಮಂಥವರು ಅದಕ್ಕೂ ಮೊದಲು ವಿಚಾರಿಸಬೇಕಾದ ಸಂಗತಿ ಒಂದಿದೆ: ಯಂತ್ರ ಕೆಟ್ಟು ನಿಂತ ದಿನ ಅದನ್ನು ಬಿಚ್ಚಿ ನೋಡುವವರು ಯಾರು, ಹೋದ ಭಾಗ ಎಲ್ಲಿಂದ ಬರಬೇಕು? ನಮಗೆ ಹತ್ತಿರದ ದೊಡ್ಡ ಊರಾದ ಮಂಗಳೂರು ಕಾಸರಗೋಡು ಪೇಟೆಯಿಂದ ಸುಮಾರು 50 ಕಿ.ಮೀ. ದೂರ, ಇಂಥ ಯಂತ್ರಗಳ ದುರಸ್ತಿಗೆ ಅದಕ್ಕಿಂತಲೂ ದೂರ ಕಳುಹಿಸಬೇಕಾಗಿ ಬರುವುದೇ ಹೆಚ್ಚು. ಅಷ್ಟು ಭಾರದ ಯಂತ್ರವನ್ನು ಕಟ್ಟಿ ಪಾರ್ಸೆಲ್ ಮಾಡಿ ವಾರಗಟ್ಟಲೆ ಕಾಯುವ ಪರಿಸ್ಥಿತಿ ಬಂದರೆ, ಅದು ಎಷ್ಟು ಒಳ್ಳೆಯ ಕಾಫಿ ಕೊಡುತ್ತಿತ್ತು ಎಂಬುದರಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ನಮ್ಮ ನೀರು, ನಮ್ಮ ಕರೆಂಟು, ನಮ್ಮ ಮಳೆಗಾಲ ಇವುಗಳನ್ನು ಮುಂದಿಟ್ಟುಕೊಂಡು, ನಾನು ಬಳಸುತ್ತಿರುವ ಗಾಜಿಯಾ ಕ್ಲಾಸಿಕ್ ಯಂತ್ರವನ್ನೂ, ದೊಡ್ಡಪ್ಪನ ಮಗನ ಮನೆಯಲ್ಲಿರುವ ರಾಂಚಿಲಿಯೊ ಸಿಲ್ವಿಯಾವನ್ನೂ, ಅವುಗಳ ಜೊತೆಗೆ ಬೇಕಾಗುವ ಗ್ರೈಂಡರುಗಳನ್ನೂ ಬಾಳಿಕೆಯ ದೃಷ್ಟಿಯಿಂದ ಇಲ್ಲಿ ತೂಗಿ ನೋಡಿದ್ದೇನೆ.

ಮಿಲಾನಿನ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಯುದ್ಧ ಮುಗಿದ ಮೇಲೆ 1948ರ ಹೊತ್ತಿಗೆ ಉದ್ದ ಹಿಡಿಕೆ ಎಳೆದು ಒತ್ತಡ ಕೊಡುವ ಲಿವರ್ ಯಂತ್ರಗಳನ್ನು ಮಾರುಕಟ್ಟೆಗೆ ತಂದದ್ದರಿಂದಲೇ ಕಾಫಿಯ ಮೇಲೆ ಕೆನೆಯಂತೆ ನಿಲ್ಲುವ ಕ್ರೆಮಾ ಎಂಬುದು ಜಗತ್ತಿಗೆ ಪರಿಚಯವಾಯಿತು. ಅದೇ ಹೆಸರಿನ ಕಂಪೆನಿ 1991ರಲ್ಲಿ ಮನೆಬಳಕೆಗೆಂದು ಹೊರತಂದ ಕ್ಲಾಸಿಕ್ ಮಾದರಿ, ನಡುವೆ ಕೆಲವು ಬದಲಾವಣೆಗಳನ್ನು ಕಂಡರೂ, ಮೂಲ ರಚನೆಯನ್ನು ಇಂದಿಗೂ ಉಳಿಸಿಕೊಂಡಿದೆ. ಅದರ ಮೇಲಿನ ಮುಚ್ಚಳದ ಎರಡು ಸ್ಕ್ರೂ ತೆಗೆದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ: ಒಂದು ಚಿಕ್ಕ ಬಾಯ್ಲರ್, ಅದಕ್ಕೆ ಅಂಟಿಕೊಂಡ ಎರಡು ಥರ್ಮೊಸ್ಟಾಟ್, ಒಂದು ಪಂಪು, ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್, ಕೆಲವು ವೈರುಗಳು ಮತ್ತು ಸಿಲಿಕೋನ್ ಕೊಳವೆ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಗೊತ್ತಿರುವ ಯಾವ ಇಲೆಕ್ಟ್ರಿಶಿಯನ್ನನಿಗೂ ಇದು ಅರ್ಥವಾಗದ ವಸ್ತುವಲ್ಲ. ಪಂಪು ಇಟಲಿಯ ಉಲ್ಕಾ ಕಂಪೆನಿಯ ಕಂಪನ ಪಂಪು. ಇದೇ ಬಗೆಯದು ಬೇರೆ ಹತ್ತಾರು ಕಂಪೆನಿಗಳ ಯಂತ್ರಗಳಲ್ಲಿಯೂ ಇರುವುದರಿಂದ ಬಿಡಿಯಾಗಿ ತರಿಸಿಕೊಳ್ಳಬಹುದು. ಪುಡಿ ತುಂಬುವ ಬಾಸ್ಕೆಟ್ ಹೋಟೆಲಿನ ದೊಡ್ಡ ಯಂತ್ರಗಳಲ್ಲಿರುವ 58 ಮಿ.ಮೀ. ಅಳತೆಯದೇ ಆದ್ದರಿಂದ ಬಾಸ್ಕೆಟ್, ಪುಡಿಯನ್ನು ಒತ್ತಿ ಕೂರಿಸುವ ಟ್ಯಾಂಪರ್ ಮೊದಲಾದವು ಯಾವ ಕಂಪೆನಿಯದಾದರೂ ಹೊಂದುತ್ತವೆ. ಕಡಿಮೆ ಬೆಲೆಯ ಹೆಚ್ಚಿನ ಯಂತ್ರಗಳಲ್ಲಿರುವ 51 ಮಿ.ಮೀ. ಬಾಸ್ಕೆಟ್ ಕೆಟ್ಟದೆಂದಲ್ಲ; ಆದರೆ ಆ ಅಳತೆಯಲ್ಲಿ ಆಯ್ಕೆ ಕಡಿಮೆ, ಒಂದರದು ಇನ್ನೊಂದಕ್ಕೆ ಕೂರದಿರುವುದೂ ಉಂಟು.

ಬಾಳಿಕೆ ಎಂದರೆ ಏನೂ ಸವೆಯದಿರುವುದು ಎಂದು ಯಾರೂ ತಿಳಿಯಬಾರದು. ಎಲ್ಲ ಎಸ್ಪ್ರೆಸೊ ಯಂತ್ರಗಳಲ್ಲೂ ಬಿಸಿಗೆ ಸಿಕ್ಕಿ ಸವೆಯುವ ಒಂದು ಭಾಗ ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರುವ ಹಿಡಿ) ಬಂದು ಒತ್ತಿ ಕೂರುವ ರಬ್ಬರ್ ಗ್ಯಾಸ್ಕೆಟ್. ಹಿಡಿಯನ್ನು ಮೊದಲಿಗಿಂತ ಹೆಚ್ಚು ಬಲಕ್ಕೆ ತಿರುಗಿಸಬೇಕಾಗಿ ಬಂದರೆ, ಅಥವಾ ಬದಿಯಿಂದ ಬಿಸಿನೀರು ಇಳಿಯತೊಡಗಿದರೆ ಅದರ ಕಾಲ ಮುಗಿಯಿತೆಂದು ಅರ್ಥ. ಯಂತ್ರ ಪೂರ್ತಿ ತಣಿದ ಮೇಲೆ ಕೆಳಗಿನಿಂದ, ನೀರು ಇಳಿಯುವ ಜಾಲರಿಯ ನಡುವಿನ ಸ್ಕ್ರೂ ತೆಗೆದು, ಅದರ ಹಿಂದಿನ ಬಿಲ್ಲೆಯ ಎರಡು ಅಲೆನ್ ಬೋಲ್ಟ್ ಸಡಿಲಿಸಿದರೆ ಗ್ಯಾಸ್ಕೆಟ್ ಕೈಗೆ ಸಿಗುತ್ತದೆ. ಹಳೆಯದು ಕರ್ರಗೆ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೆ ತಗ್ಗದೆ, ಎಬ್ಬುವಾಗ ತುಂಡುತುಂಡಾಗಿ ಬರುತ್ತದೆ. ಅದು ಕುಳಿತಿದ್ದ ಕಾಲುವೆಯಲ್ಲಿ ಕಾಫಿಯ ಎಣ್ಣೆ ಜಿಡ್ಡುಗಟ್ಟಿರುತ್ತದೆ. ಆ ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದು ಹೊಸದನ್ನು ಒತ್ತಿ ಕೂರಿಸುವುದಕ್ಕೆ ವಿಶೇಷ ಉಪಕರಣವೇನೂ ಬೇಡ. ಯಂತ್ರದ ಬೆಲೆಯ ಮುಂದೆ ಈ ಗ್ಯಾಸ್ಕೆಟ್ಟಿನ ಬೆಲೆ ಲೆಕ್ಕಕ್ಕೇ ಇಲ್ಲ. ಇಂಥ ಕೆಲಸವನ್ನು ಮನೆಯವರೇ ಮಾಡಿಕೊಳ್ಳಲು ಆಸ್ಪದವಿರುವ ಯಂತ್ರ ನನ್ನ ದೃಷ್ಟಿಯಲ್ಲಿ ಬಾಳಿಕೆಯ ಯಂತ್ರ.

ಕ್ಲಾಸಿಕ್‌ನ ಕೊರತೆಗಳನ್ನೂ ಹೇಳಬೇಕು. ಅಲ್ಯೂಮಿನಿಯಂ ಬಾಯ್ಲರಿನ ಮಾದರಿಗಳಲ್ಲಿ ಅದು ಹಿಡಿಯುವ ನೀರು ಸುಮಾರು 100 ಮಿ.ಲೀ. ಮಾತ್ರ. ಎಸ್ಪ್ರೆಸೊಗೆ ನೀರು ಸಾಧಾರಣ 90ರಿಂದ 96 ಡಿಗ್ರಿಯೊಳಗೆ ಇರಬೇಕು; ಇಷ್ಟು ಚಿಕ್ಕ ಬಾಯ್ಲರನ್ನು ಸಾದಾ ಥರ್ಮೊಸ್ಟಾಟ್ ಕಾಯುತ್ತಿರುವಾಗ ಉಷ್ಣತೆ ಏರಿ ಇಳಿಯುತ್ತಲೇ ಇರುತ್ತದೆ. ಹೀಟರಿನ ದೀಪವನ್ನು ಗಮನಿಸಿ, ಅದು ಒಮ್ಮೆ ಹತ್ತಿ ಆರಿದ ಬಳಿಕ ಪ್ರತಿಸಲವೂ ಒಂದೇ ಹೊತ್ತಿಗೆ ಕಾಫಿ ಇಳಿಸುವ ರೂಢಿ ಮಾಡಿಕೊಂಡರೆ ರುಚಿ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಹಳೆಯ ಮಾದರಿಗಳಲ್ಲಿ ಕಾರ್ಖಾನೆಯಿಂದ ಬರುವಾಗ ಒತ್ತಡ ಬೇಕಾದ 9 ಬಾರ್‌ಗಿಂತ ಸಾಕಷ್ಟು ಹೆಚ್ಚಿರುತ್ತಿತ್ತು, ಒತ್ತಡ ನಿಯಂತ್ರಿಸುವ ವಾಲ್ವಿನ ಸ್ಪ್ರಿಂಗ್ ಬದಲಿಸಬೇಕಾಗುತ್ತಿತ್ತು; 2023ರ ಇವೊ ಪ್ರೊ ಮಾದರಿಯಲ್ಲಿ ಅದನ್ನು 9 ಬಾರಿಗೆ ಇಳಿಸಿಯೇ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ 15 ಬಾರ್, 20 ಬಾರ್ ಎಂದು ಬರೆದಿರುವುದನ್ನು ಕಂಡು ಮರುಳಾಗಬೇಕಿಲ್ಲ, ಅದು ಪಂಪಿನ ಗರಿಷ್ಠ ಸಾಮರ್ಥ್ಯವಷ್ಟೇ. ಇನ್ನು, ಪೂಜೆಗೋ ತಿಥಿಗೋ ಹತ್ತು ಜನ ಒಟ್ಟಿಗೆ ಬಂದರೆ ಈ ಯಂತ್ರದಿಂದ ಎಲ್ಲರಿಗೂ ಬಿಸಿಬಿಸಿ ಕಾಫಿ ಕೊಡುವುದು ಸಾಧ್ಯವಿಲ್ಲ. ಆ ದಿನ ಹಿತ್ತಾಳೆಯ ಫಿಲ್ಟರಿನ ಡಿಕಾಕ್ಷನ್ನೇ ಸರಿ.

ರಾಂಚಿಲಿಯೊ ಸಿಲ್ವಿಯಾ 1997ರಿಂದ ಇದೆ. ಇದರ ಹಿತ್ತಾಳೆಯ ಬಾಯ್ಲರ್ 300 ಮಿ.ಲೀ. ಹಿಡಿಯುವುದರಿಂದ ಹಾಲು ಕಾಯಿಸುವ ಹಬೆಗೆ ಹೆಚ್ಚು ಬಲವಿದೆ, ಸತತವಾಗಿ ಮೂರು ನಾಲ್ಕು ಕಪ್ ಮಾಡುವಾಗ ಕ್ಲಾಸಿಕ್‌ನಂತೆ ಬಳಲುವುದಿಲ್ಲ. ಯಂತ್ರದ ತೂಕವೇ 14 ಕಿಲೊ. ಹಿಡಿ ಬಿಗಿ ಮಾಡುವಾಗ ಮೇಜಿನ ಮೇಲೆ ಜಾರುವುದಿಲ್ಲ. ಆದರೆ ಅದರ ಒಳಚೌಕಟ್ಟು ಬಣ್ಣ ಬಳಿದ ಕಬ್ಬಿಣದ್ದು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ, ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಬಣ್ಣ ಎದ್ದ ಜಾಗದಲ್ಲಿ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ನೀರಿನ ತಟ್ಟೆಯ ಕೆಳಗೆ, ಟ್ಯಾಂಕಿನ ಹಿಂದೆ ಚೆಲ್ಲಿದ ನೀರನ್ನು ಆಗಾಗ ಒರೆಸಿ, ಗೀರು ಬಿದ್ದಲ್ಲಿ ಪೈಂಟ್ ಮುಟ್ಟಿಸುವ ತಾಳ್ಮೆ ಇದ್ದವರಿಗೆ ಸಿಲ್ವಿಯಾ ಉತ್ತಮ ಆಯ್ಕೆ. ಅಷ್ಟು ಗಮನ ಕೊಡಲಾಗದವರಿಗೆ ಕ್ಲಾಸಿಕ್ ಸಾಕು. 1961ರ ಫಾಯೆಮಾ ಯಂತ್ರದಿಂದ ಬಂದ ಇ61 ಗ್ರೂಪ್ (ಪೋರ್ಟಾಫಿಲ್ಟರ್ ಸಿಕ್ಕಿಸುವ ಭಾಗ) ಇರುವ ದೊಡ್ಡ ಯಂತ್ರಗಳು ಬಾಳಿಕೆಯಲ್ಲಿ ಎತ್ತಿದ ಕೈ ನಿಜ. ಆದರೆ ಆ ಹಿತ್ತಾಳೆಯ ಗುಂಡು ಪೂರ್ತಿ ಬಿಸಿಯಾಗಲು ಅರ್ಧ ತಾಸು ಬೇಕು, ಬೆಲೆಯೂ ಬೇರೆಯೇ ಅಂತಸ್ತಿನದು. ಇಬ್ಬರು ಮೂವರಿರುವ ಮನೆಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಟಚ್ ಪರದೆ, ಮೈಕ್ರೊಪ್ರೊಸೆಸರ್, ತಾನೇ ಅಳೆದು ತಾನೇ ಅರೆದು ಕೊಡುವ ವ್ಯವಸ್ಥೆ ಇರುವ ಯಂತ್ರಗಳ ಬಗ್ಗೆ ನನಗಿರುವ ಹಿಂಜರಿಕೆಗೆ ಮುಖ್ಯ ಕಾರಣ ಸಿಡಿಲು. ಎಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ಹಿಂಗಾರಿನಲ್ಲಿ, ನಮ್ಮ ಗುಡ್ಡದ ಊರುಗಳಲ್ಲಿ ಗುಡುಗು ಮಿಂಚು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಮೊದಲಿದ್ದ ಅಂಥ ಒಂದು ಯಂತ್ರದ ಬೋರ್ಡು ಇಂಥದೇ ಸಂಜೆಯಲ್ಲಿ ಸುಟ್ಟುಹೋಯಿತು. ಬಾಯ್ಲರು, ಪಂಪು ಎಲ್ಲ ನೆಟ್ಟಗಿದ್ದರೂ ಆ ಮಾದರಿಯ ಬೋರ್ಡು ಬರುವುದು ನಿಂತಿದೆ ಎಂಬ ಉತ್ತರ ಸಿಕ್ಕಿ ಇಡೀ ಯಂತ್ರ ಗುಜರಿಗೆ ಹೋಗಬೇಕಾಯಿತು. ಲೋಹದ ಸ್ವಿಚ್ಚು ಮತ್ತು ಥರ್ಮೊಸ್ಟಾಟಿನ ಯಂತ್ರಕ್ಕೂ ಸಿಡಿಲಿನಿಂದ ಪೂರ್ಣ ರಕ್ಷಣೆ ಇಲ್ಲ, ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಲೇಬೇಕು. ಆದರೆ ಅದರಲ್ಲಿ ಸುಟ್ಟುಹೋಗಬಹುದಾದ ಭಾಗಗಳು ಕಡಿಮೆ, ಹೋದರೂ ಬದಲಿಸಬಹುದಾದಂಥವು.

ವೋಲ್ಟೇಜಿನ ಮಾತೂ ಇದಕ್ಕೇ ಸೇರಿದ್ದು. ಬೇಸಿಗೆಯಲ್ಲಿ ಅಡಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗಳಿಗೆ 230ರ ಬದಲು 180 ವೋಲ್ಟ್ ಮಾತ್ರ ಬಂದರೆ, ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 1200 ವಾಟಿನ ಹೀಟರು ಸುಮಾರು 735 ವಾಟಿನಷ್ಟೇ ಕೆಲಸ ಮಾಡುತ್ತದೆ. ಯಂತ್ರ ಬಿಸಿಯಾಗಲು ತಡವಾಗುತ್ತದೆ, ಪಂಪಿನ ಒತ್ತಡ ಕುಗ್ಗುತ್ತದೆ, ಕಾಫಿ ಹುಳಿಯಾಗುತ್ತದೆ; ಯಂತ್ರ ಕೆಟ್ಟಿದೆಯೆಂದು ಬಿಚ್ಚುವ ಮೊದಲು ಒಮ್ಮೆ ಮೀಟರ್ ಹಿಡಿದು ವೋಲ್ಟೇಜು ನೋಡುವುದು ಒಳಿತು. ಫ್ರಿಜ್ಜಿಗೆ ಬಳಸುವ ಚಿಕ್ಕ ಸ್ಟೆಬಿಲೈಜರ್ ಇಷ್ಟು ವಾಟಿಗೆ ಸಾಲದು. ಬೆಳಗ್ಗೆ ಆರರ ಮೊದಲೇ ಕಾಫಿ ಮಾಡಿಕೊಳ್ಳುವವರಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಯಂತ್ರವನ್ನು 16 ಆಂಪಿಯರಿನ ಪವರ್ ಪ್ಲಗ್ಗಿಗೇ ಹಾಕಬೇಕು, ಅರ್ಥಿಂಗ್ ಸರಿಯಾಗಿದೆಯೇ ಎಂದು ಮೊದಲೇ ನೋಡಿಸಬೇಕು. ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯಲ್ಲಿರುವ ವಸ್ತು ಇದು.

ಯಂತ್ರದ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ನೀರು, ಮತ್ತು ಈ ವಿಷಯದಲ್ಲಿ ಹೊರಗಿನವರ ಸಲಹೆಯನ್ನು ನಾವು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಗಡಸು ನೀರಿನ ಊರಿನವರಿಗೆ ಬಾಯ್ಲರಿನ ಒಳಗೆ ಸುಣ್ಣ ಕಟ್ಟುವುದೇ ದೊಡ್ಡ ಭಯ. ಆದ್ದರಿಂದ ಅವರು ತಿಂಗಳು ತಿಂಗಳೂ ಸಿಟ್ರಿಕ್ ಆಮ್ಲ ಹಾಕಿ ತೊಳೆಯಲು ಹೇಳುತ್ತಾರೆ. ನಮ್ಮ ಮುರಕಲ್ಲಿನ ನೆಲದ ಬಾವಿಗಳ ನೀರು, ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳಿಂದ ತನ್ನಷ್ಟಕ್ಕೆ ಹರಿದು ಬರುವ ನೀರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಬಹಳ ಮೆದು, ಖನಿಜಾಂಶ ಕಡಿಮೆ, ಸ್ವಲ್ಪ ಹುಳಿಯ ಕಡೆಗೆ ವಾಲಿದ್ದು. ಇದರಲ್ಲಿ ಸುಣ್ಣ ಕಟ್ಟುವುದು ಅಪರೂಪ. ಆದರೆ ಹುಳಿ ಗುಣದ ನೀರು ದಿನಗಟ್ಟಲೆ ನಿಂತರೆ ಅಲ್ಯೂಮಿನಿಯಂ ಮತ್ತು ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಸುಣ್ಣವಿಲ್ಲದ ಬಾಯ್ಲರಿಗೆ ಮತ್ತೆ ಮತ್ತೆ ಆಮ್ಲ ಹಾಕುವುದು ಆ ಸವೆತಕ್ಕೆ ನಾವೇ ಕೈಜೋಡಿಸಿದಂತೆ. ಅಂಥ ನೀರಿಗೆ ಲೀಟರಿಗೆ 0.1 ಗ್ರಾಂನಷ್ಟು ಅಡಿಗೆ ಸೋಡಾ ಬೆರೆಸಿದರೆ ಕ್ಷಾರಾಂಶ ಸುಮಾರು 60 ಪಿಪಿಎಂನಷ್ಟು ಏರಿ, ಲೋಹಕ್ಕೂ ರಕ್ಷಣೆ, ಕಾಫಿಯ ಚುರುಕು ಹುಳಿಗೂ ಒಂದು ಹದ ಸಿಗುತ್ತದೆ. ಅಷ್ಟು ಚಿಕ್ಕ ತೂಕ ಹಾಕುವುದು ಕಷ್ಟವಾದ್ದರಿಂದ 10 ಗ್ರಾಂ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಅದರಿಂದ 10 ಮಿ.ಲೀ. ತೆಗೆದು ಯಂತ್ರಕ್ಕೆ ಹಾಕುವ ಪ್ರತಿ ಲೀಟರ್ ನೀರಿಗೆ ಸೇರಿಸುವುದು ಸುಲಭದ ದಾರಿ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲತೀರದ ಮನೆಗಳ ಸಮಸ್ಯೆ ಬೇರೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ಸೇರಿದರೆ ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ತೂತು ಬೀಳಿಸಬಲ್ಲದು. ಅಲ್ಲಿ ಬಾವಿಯ ನೀರನ್ನು ಯಂತ್ರಕ್ಕೆ ಹಾಕಲೇಬಾರದು. ಬರಿಯ ಆರ್‌ಒ ನೀರು ಅತಿ ಮೆದುವಾಗಿರುವುದರಿಂದ ಅದಕ್ಕೂ ಇದೇ ಸೋಡಾದ ಕ್ರಮ ಹೊಂದುತ್ತದೆ. ಬೋರ್‌ವೆಲ್ ನೀರು ಬಳಸುವವರು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಡಸುತನ ಅಳೆಯುವ ದ್ರಾವಣದಿಂದ ಒಮ್ಮೆ ಪರೀಕ್ಷಿಸಿಕೊಳ್ಳಲಿ. ಟಿಡಿಎಸ್ ಮೀಟರ್ ಒಟ್ಟು ಕರಗಿದ ಅಂಶ ತೋರಿಸುತ್ತದೆಯೇ ಹೊರತು ಅದು ಸುಣ್ಣವೋ ಉಪ್ಪೋ ಎಂದು ಹೇಳುವುದಿಲ್ಲ.

ಗ್ರೈಂಡರಿನ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಖಚಿತವಾಗಿದೆ: ಒಟ್ಟು ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ಅದಕ್ಕೆ ಇಡಬಾರದು. 18 ಗ್ರಾಂ ಪುಡಿಯಿಂದ 25-30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕೆಂಬುದು ಇಂದು ಹೆಚ್ಚಿನವರು ಹಿಡಿದು ನಡೆಯುವ ಲೆಕ್ಕ. ಪುಡಿ ಕೂದಲೆಳೆಯಷ್ಟು ದಪ್ಪವಾದರೂ ನೀರು ಹತ್ತೇ ಸೆಕೆಂಡಿನಲ್ಲಿ ಧುಮುಕಿ ತೆಳ್ಳಗಿನ ಹುಳಿನೀರು ಬರುತ್ತದೆ. ತುಸು ಸಣ್ಣವಾದರೆ ತೊಟ್ಟು ತೊಟ್ಟಾಗಿ ಕಹಿ ಇಳಿಯುತ್ತದೆ. ಮಿಕ್ಸಿಯ ಬ್ಲೇಡು ಬೀಜವನ್ನು ಹೊಡೆದು ಒಡೆಯುವುದರಿಂದ ಅದರ ಪುಡಿಯಲ್ಲಿ ಹಿಟ್ಟೂ ತರಿಯೂ ಒಟ್ಟಿಗಿರುತ್ತವೆ. ಫಿಲ್ಟರಿಗೆ ನಡೆದುಹೋಗುವ ಆ ಪುಡಿ 9 ಬಾರ್ ಒತ್ತಡದ ಮುಂದೆ ನಿಲ್ಲುವುದಿಲ್ಲ. ಹಲ್ಲುಗಳಿರುವ ಎರಡು ಬರ್‌ಗಳ ನಡುವೆ ಬೀಸುಕಲ್ಲಿನಂತೆ ಅರೆಯುವ ಗ್ರೈಂಡರೇ ಬೇಕು, ಅದರಲ್ಲೂ ಬರ್‌ಗಳ ಅಂತರವನ್ನು ಬಹಳ ಸೂಕ್ಷ್ಮವಾಗಿ ಬದಲಿಸಲು ಬರುವಂಥದು ಬೇಕು.

ಈ ಕಾರಣಕ್ಕೇ ಟೈಮ್‌ಮೋರ್ ಸಿ2ನಂಥ ಜನಪ್ರಿಯ ಕೈ ಗ್ರೈಂಡರು ಫಿಲ್ಟರಿಗೆ ಎಷ್ಟೇ ಚೆನ್ನಾಗಿದ್ದರೂ ಎಸ್ಪ್ರೆಸೊಗೆ ಸಾಲದು. ಅದರ ಒಂದು ಕ್ಲಿಕ್ಕಿಗೂ ಮುಂದಿನದಕ್ಕೂ ಇರುವ ಅಂತರ ಬಹಳ ದೊಡ್ಡದು. ನಾನು ಬಳಸುವ ಒನ್‌ಜ಼ೆಡ್‌ಪ್ರೆಸ್ಸೊ ಜೆ-ಅಲ್ಟ್ರಾದಲ್ಲಿ ಒಂದು ಕ್ಲಿಕ್ಕಿಗೆ ಬರ್ ಸರಿಯುವುದು 8 ಮೈಕ್ರಾನ್ ಮಾತ್ರ. ಇದರಲ್ಲಿ ಮೋಟರಿಲ್ಲ, ವೈರಿಲ್ಲ, ಕರೆಂಟಿನ ಹಂಗಿಲ್ಲ. ಬಿಚ್ಚಿದರೆ ಒಂದು ದಂಡ, ಎರಡು ಬೇರಿಂಗು, ಒಳ ಬರ್, ಹೊರ ಬರ್. ಬ್ರಶ್ಶಿನಿಂದ ಗುಡಿಸಿ ಮತ್ತೆ ಜೋಡಿಸಲು ಮಕ್ಕಳೂ ಕಲಿಯಬಲ್ಲರು. ನೀರು ಮಾತ್ರ ತಾಗಿಸಬಾರದು, ಗಟ್ಟಿ ಸ್ಟೀಲಿನ ಬರ್‌ಗಳೂ ನಮ್ಮ ಹವೆಯಲ್ಲಿ ತುಕ್ಕು ಹಿಡಿಯುತ್ತವೆ. ದಿನಕ್ಕೆ ಎರಡು ಸಲ 18 ಗ್ರಾಂ ಅರೆದರೆ ವರ್ಷಕ್ಕಾಗುವುದು ಸುಮಾರು 13 ಕಿಲೊ. ನೂರಾರು ಕಿಲೊ ತಡೆಯುವ ಸ್ಟೀಲ್ ಬರ್‌ಗಳಿಗೆ ಇದು ಏನೂ ಅಲ್ಲ. ನಸು ಹುರಿದ ಅರೇಬಿಕಾ ಬೀಜ ಅರೆಯಲು ತೋಳಿಗೆ ಶ್ರಮವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೀಲು ನೋವಿರುವ ಹಿರಿಯರಿದ್ದರೆ ವಿದ್ಯುತ್ ಗ್ರೈಂಡರೇ ಸರಿ.

ಅಂಥವರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ 1920ರಿಂದ ನಡೆದುಬಂದಿರುವ ಯುರೇಕಾ ಕಂಪೆನಿಯ ಮಿನ್ಯೋನ್ ಸಾಲಿನ ಗ್ರೈಂಡರುಗಳು ಹೊಂದುತ್ತವೆ. ಇವುಗಳಲ್ಲಿ ಕ್ಲಿಕ್ಕುಗಳೇ ಇಲ್ಲ, ಗುಂಡಿಯನ್ನು ಎಷ್ಟು ಬೇಕಾದರೂ ಸೂಕ್ಷ್ಮವಾಗಿ ತಿರುಗಿಸಬಹುದು. ಸರಿಸುವುದು ಕೆಳಗಿನ ಬರ್ ಆದ್ದರಿಂದ ಮೇಲಿನದನ್ನು ಬಿಚ್ಚಿ ಸ್ವಚ್ಛಮಾಡಿ ಮತ್ತೆ ಕೂರಿಸಿದರೂ ಹದ ತಪ್ಪುವುದಿಲ್ಲ. ಬರಾಟ್ಜಾ ಕಂಪೆನಿ ತನ್ನ ಗ್ರೈಂಡರುಗಳ ಬಿಡಿಭಾಗಗಳನ್ನು ಗ್ರಾಹಕರಿಗೇ ಮಾರಿ, ಬಿಚ್ಚುವ ಕ್ರಮವನ್ನೂ ತಿಳಿಸಿಕೊಡುವ ಒಳ್ಳೆಯ ಪದ್ಧತಿ ಇಟ್ಟುಕೊಂಡಿದೆ. ಆದರೆ ಅದರ ಹಳೆಯ ಎನ್‌ಕೋರ್ ಫಿಲ್ಟರ್ ಕಾಫಿಗೆಂದು ಮಾಡಿದ್ದು, ಎಸ್ಪ್ರೆಸೊಗೆ ಎನ್‌ಕೋರ್ ಇಎಸ್‌ಪಿ ಎಂದೇ ಕೇಳಿ ಪಡೆಯಬೇಕು. ಯಂತ್ರದ ಒಡಲಲ್ಲೇ ಗ್ರೈಂಡರು ಸೇರಿಸಿದ ಮಾದರಿಗಳು ನೋಡಲು ಚೆಂದ, ಜಾಗವೂ ಉಳಿಯುತ್ತದೆ. ಒಂದು ಕೆಟ್ಟರೆ ಎರಡನ್ನೂ ದುರಸ್ತಿಗೆ ಹೊರಬೇಕೆಂಬ ಒಂದೇ ಕಾರಣಕ್ಕೆ ನಾನು ಅವುಗಳನ್ನು ಬೇಡವೆನ್ನುತ್ತೇನೆ.

ಬೀಜದ ಮಟ್ಟಿಗೆ ನಾವು ಅದೃಷ್ಟವಂತರು. ಕೊಡಗು ನಮಗೆ ಜಾಲ್ಸೂರು-ಸುಳ್ಯದ ದಾರಿಯಲ್ಲಿ ಕೆಲವೇ ಗಂಟೆಗಳ ಪ್ರಯಾಣ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ. ಅಂಗಡಿಯಲ್ಲಿ ಚಿಕೋರಿ ಹಾಕದ, ಪುಡಿ ಮಾಡದ, ಇತ್ತೀಚೆಗೆ ಹುರಿದ ಬೀಜ ಬೇಕೆಂದು ಸ್ಪಷ್ಟವಾಗಿ ಹೇಳಬೇಕು. ಚಿಕೋರಿ ನೀರು ತಾಗಿದೊಡನೆ ಅಂಟಾಗಿ ಜಾಲರಿಯನ್ನೂ ವಾಲ್ವನ್ನೂ ಕಟ್ಟಿಸುತ್ತದೆ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದದ್ದು ಗ್ರೈಂಡರಿಗೆ ಒಳ್ಳೆಯದಲ್ಲ. ಹಾಲು ಬೆರೆಸಿ ಕುಡಿಯುವ ನಮ್ಮ ಮನೆಗಳಿಗೆ, ತೊಳೆದು ಸಂಸ್ಕರಿಸಿದ ಒಳ್ಳೆಯ ರೊಬಸ್ಟಾ ಮೂರನೆಯ ಒಂದು ಪಾಲು ಸೇರಿದ ಮಿಶ್ರಣ ನನ್ನ ಆಯ್ಕೆ. ಕ್ರೆಮಾ ದಪ್ಪವಾಗಿ ಬರುತ್ತದೆ, ಹಾಲಿನೊಳಗೂ ಕಾಫಿಯ ಗಡಸು ಉಳಿಯುತ್ತದೆ. ಮಳೆಗಾಲದಲ್ಲಿ ಬೀಜ ತೇವ ಎಳೆದುಕೊಳ್ಳುವುದರಿಂದ ಬೇಸಿಗೆಯಲ್ಲಿ ಕಂಡುಕೊಂಡ ಹದ ಜೂನಿನಲ್ಲಿ ನಡೆಯುವುದಿಲ್ಲ, ಹೊಸದಾಗಿ ಹುಡುಕಿಕೊಳ್ಳಬೇಕು.

ಮನೆಯ ಹಸುವಿನ ಹಾಲನ್ನು ಹಬೆಯಲ್ಲಿ ನೊರೆ ಬರಿಸುವವರಿಗೆ ಒಂದು ಸೂಚನೆ. ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ಪೂರ್ತಿ ತೆಗೆದು ಸೋಸಿ, ಫ್ರಿಜ್ಜಿನಲ್ಲಿಟ್ಟು ತಣಿಸಿದ ಮೇಲೆ ಬಳಸಬೇಕು; ಕೆನೆಯ ಎಳೆ ಹಬೆಕೊಳವೆಯ ತುದಿಯ ತೂತಿಗೆ ಸಿಕ್ಕಿ ಒಣಗಿದರೆ ಸೂಜಿ ಹಾಕಿ ಬಿಡಿಸಬೇಕಾಗುತ್ತದೆ. ಹಾಲು 60-65 ಡಿಗ್ರಿ ತಲುಪಿದೊಡನೆ ನಿಲ್ಲಿಸಿ, ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಹೊರಬಿಡಬೇಕು. ನಮ್ಮ ಹಿರಿಯರಿಗೆ ಆ ಬಿಸಿ ಸಾಲದು. ಲೋಟವನ್ನು ಮೊದಲೇ ಕುದಿಯುವ ನೀರಿನಿಂದ ಬಿಸಿ ಮಾಡಿಕೊಟ್ಟರೆ ದೂರು ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ದಿನವಿಡೀ ಕರೆಂಟು ಹೋಗುವ ಜಾಗದಲ್ಲಿರುವವರು ಕೆಫೆಲಾಟ್ ರೋಬಾಟ್ ಎಂಬ ಕೈಯಿಂದ ಒತ್ತುವ ಸಾಧನವನ್ನೂ ಗಮನಿಸಬಹುದು. ಗ್ಯಾಸಿನ ಒಲೆಯಲ್ಲಿ ಕುದಿಸಿದ ನೀರನ್ನು ಪುಡಿ ತುಂಬಿದ ಬಾಸ್ಕೆಟಿನ ಮೇಲೆ ಸುರಿದು ಎರಡೂ ತೋಳುಗಳನ್ನು ಕೆಳಗೆ ಒತ್ತಿದರೆ ಒಳ್ಳೆಯ ಎಸ್ಪ್ರೆಸೊ ಇಳಿಯುತ್ತದೆ. ಸವೆಯುವುದೆಂದರೆ ಪಿಸ್ಟನ್ನಿನ ಸೀಲು ಮಾತ್ರ. ಹಬೆ ಇಲ್ಲ, ಹಾಲನ್ನು ಬೇರೆಯಾಗಿ ಕಾಯಿಸಿಕೊಳ್ಳಬೇಕು. ಬರೀ ಬಾಳಿಕೆಯನ್ನೇ ನೋಡುವುದಾದರೆ ಇದರ ಜೊತೆಗೆ ಒಳ್ಳೆಯ ಕೈ ಗ್ರೈಂಡರು ಇಟ್ಟುಕೊಳ್ಳುವುದನ್ನು ಮೀರಿಸುವ ಜೋಡಿ ನಾನು ಕಂಡಿಲ್ಲ.

ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿರುವುದರಿಂದ ಅಲ್ಲಿಂದಲೇ ಯಂತ್ರ ತರಿಸುವ ಯೋಚನೆ ಸಹಜ. ಯುಎಇ, ಕತಾರ್, ಕುವೈತ್, ಒಮಾನ್‌ಗಳಲ್ಲಿ ಕರೆಂಟು 50 ಹರ್ಟ್ಸ್. ಅಲ್ಲಿಯ ಯಂತ್ರ ಇಲ್ಲಿ ನಡೆಯುತ್ತದೆ, ಮೂರು ಚಪ್ಪಟೆ ಕಾಲಿನ ಪ್ಲಗ್ಗನ್ನು ಮಾತ್ರ ಅಡಾಪ್ಟರಿನ ಬದಲು ಕತ್ತರಿಸಿ 16 ಆಂಪಿಯರಿನದಾಗಿ ಬದಲಿಸಿಕೊಳ್ಳಬೇಕು. ಸೌದಿ ಅರೇಬಿಯಾದಲ್ಲಿ 60 ಹರ್ಟ್ಸ್ ಆದ್ದರಿಂದ ಅಲ್ಲಿ ಕೊಳ್ಳುವವರು ಯಂತ್ರದ ಹಿಂದಿನ ಫಲಕದಲ್ಲಿ 50 ಹರ್ಟ್ಸ್ ಎಂದೂ ಬರೆದಿದೆಯೇ ಎಂದು ನೋಡಲೇಬೇಕು. ಕಂಪನ ಪಂಪಿನ ಓಟ ನಿಂತಿರುವುದೇ ಆ ಸಂಖ್ಯೆಯ ಮೇಲೆ. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಂದು ನಂಬಿ ಕೊಳ್ಳುವುದು ಬೇಡ. ತರುವವರ ಚೀಲದಲ್ಲಿ ಯಂತ್ರದ ಜೊತೆಗೇ ಎರಡು ಗ್ಯಾಸ್ಕೆಟ್, ಒಂದು ಜಾಲರಿ, ಒಂದು ಪಂಪು, ಒಂದು ಜೊತೆ ಥರ್ಮೊಸ್ಟಾಟ್, ಸೊಲೆನಾಯ್ಡ್ ವಾಲ್ವನ್ನು ತೊಳೆಯಲು ಬೇಕಾಗುವ ತೂತಿಲ್ಲದ ಬಾಸ್ಕೆಟ್ ಇಷ್ಟನ್ನು ಸೇರಿಸಿ ತರಲು ಹೇಳಿದರೆ ಮುಂದಿನ ಹಲವು ವರ್ಷ ಯಾರ ದಾರಿಯನ್ನೂ ಕಾಯಬೇಕಾಗುವುದಿಲ್ಲ.